ಹಳೆ ಜೀಪಿನ ಆಯಿಲ್ ಸೋರಿಕೆಗೆ ಬ್ರೇಕ್ ಆಯಿಲ್ ಮದ್ದೇ? ಫಾರ್ವರ್ಡ್ ಹೇಳುವುದೇನು, ಎಂಜಿನ್ ಹೇಳುವುದೇನು

ಎಂಜಿನ್ ಆಯಿಲ್ ಸೋರುತ್ತಿದ್ದರೆ ಗ್ಯಾರೇಜಿಗೆ ದುಡ್ಡು ಸುರಿಯಬೇಡಿ, ಆಯಿಲ್ ಹಾಕುವ ಬಾಯಿಯಲ್ಲಿ ಸ್ವಲ್ಪ ಬ್ರೇಕ್ ಆಯಿಲ್ ಸುರಿದು ಗಾಡಿ ಓಡಿಸಿ, ಸೋರಿಕೆ ತಾನೇ ನಿಲ್ಲುತ್ತದೆ. ಈ ಅರ್ಥದ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದರ ಹಿಂದೆಯೇ ಇನ್ನೂ ಕೆಲವು ಬರುತ್ತವೆ: ಸಾಬೂನು ಮೆತ್ತಿ, ಅರಿಶಿನ ಪುಡಿ ಹಾಕಿ, ದಪ್ಪ ಆಯಿಲ್‌ಗೆ ಬದಲಾಯಿಸಿ. ಇವುಗಳ ನಡುವೆ ಒಂದು ಹಳೆ ತಮಾಷೆಯೂ ಓಡಾಡುತ್ತದೆ. ಜೀಪ್ ಅಂದಮೇಲೆ ಆಯಿಲ್ ಸೋರಲೇಬೇಕು, ಸೋರುತ್ತಿಲ್ಲ ಅಂದರೆ ಒಳಗೆ ಆಯಿಲ್ ಇಲ್ಲ ಅಂತ ಅರ್ಥ! ನಗುವುದಕ್ಕೆ ಅಡ್ಡಿಯಿಲ್ಲ. ಆದರೆ ಇದನ್ನು ನಿಜವೆಂದು ನಂಬಿ ಸೋರಿಕೆಯನ್ನು ಸುಮ್ಮನೆ ಬಿಡುವುದು ದುಬಾರಿ. ಮದ್ದು ಗೊತ್ತಿಲ್ಲದೆ ಕೈಗೆ ಸಿಕ್ಕಿದ್ದನ್ನು ಸುರಿಯುವುದು ಅದಕ್ಕಿಂತ ದುಬಾರಿ.

ಈ ಪ್ರಶ್ನೆಯನ್ನು ಬಾಗಲಕೋಟೆ ಜಿಲ್ಲೆಯ ಕೆರೂರಿನಂಥ ಊರಿನಲ್ಲಿ ನಿಂತು ನೋಡುವುದು ಒಳ್ಳೆಯದು. ಬಾದಾಮಿ ತಾಲ್ಲೂಕಿನ ಕೆರೂರ ಇರುವುದು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲೆ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಹೊಲದ ದಾರಿ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಅಂಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಉಳಿದಂತೆ ವರ್ಷವೆಲ್ಲಾ ಧೂಳು. ಬಾದಾಮಿಯ ಕಡೆ ಕೆಂಪು ಮರಳುಗಲ್ಲಿನ ಧೂಳು, ಹುನಗುಂದ–ಇಳಕಲ್ಲಿನ ಕಡೆ ಗ್ರಾನೈಟ್ ಕ್ವಾರಿಗಳ ಧೂಳು. ಇಂಥ ದಾರಿಗೆ ಹೊಸ ಕಾರು ಇಳಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಹಾಗಾಗಿ ಇಪ್ಪತ್ತು–ಮೂವತ್ತು ವರ್ಷದ ಮಹೀಂದ್ರಾ ಜೀಪುಗಳು, ಹಳೆ ಬೊಲೆರೊಗಳು, ಟ್ರ್ಯಾಕ್ಸ್‌ಗಳು ಇನ್ನೂ ದುಡಿಯುತ್ತವೆ. ಗೊಬ್ಬರದ ಚೀಲ, ಕೂಲಿಯವರು, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೊರಟ ಮನೆಮಂದಿ, ಎಲ್ಲವನ್ನೂ ಹೊರುವುದು ಅವೇ. ಅಂಥ ಗಾಡಿಯ ಎಂಜಿನ್ ನಿಂತರೆ ನಷ್ಟ ಗಾಡಿಗಷ್ಟೇ ಅಲ್ಲ, ಆ ದಿನದ ದುಡಿಮೆಗೆ.

ಮಹೀಂದ್ರಾ ಕಂಪನಿ ಅಮೆರಿಕದ ವಿಲ್ಲಿಸ್ ಜೀಪನ್ನು ಭಾರತಕ್ಕೆ ತಂದದ್ದು 1947ರಲ್ಲಿ. ಅಲ್ಲಿಂದ ಎಂಎಂ540, ಕಮಾಂಡರ್, 2000ದಲ್ಲಿ ಬಂದ ಬೊಲೆರೊವರೆಗೆ ಹೊರಗಿನ ರೂಪ ಬದಲಾಗುತ್ತಾ ಹೋಯಿತು. ಒಳಗೆ ಮಾತ್ರ ಬಹುಕಾಲ ಸರಳ, ಗಟ್ಟಿಮುಟ್ಟಾದ, ಹಳ್ಳಿಯ ಮೇಸ್ತ್ರಿಯೂ ಬಿಚ್ಚಿ ಕೂಡಿಸಬಲ್ಲ ಎಂಜಿನ್‌ಗಳೇ ಇದ್ದವು. ಸೋರಿಕೆಯ ವಿಷಯದಲ್ಲಿ ಇದೊಂದು ದೊಡ್ಡ ಅನುಕೂಲ. ಬಿಚ್ಚಿ ನೋಡಬಹುದು, ಕಾರಣ ಹುಡುಕಬಹುದು.

ಸೋರುವುದು ಎಲ್ಲಿಂದ? ಹನಿ ಬಿದ್ದ ಜಾಗದಿಂದಲ್ಲ

ಎಂಜಿನ್ ಒಂದೇ ಅಚ್ಚಿನ ವಸ್ತುವಲ್ಲ, ಹಲವು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿದ್ದು. ಎರಡು ತುಂಡು ಸೇರುವ ಕಡೆ ಪ್ಯಾಕಿಂಗ್ ಇರುತ್ತದೆ. ತಿರುಗುವ ಶಾಫ್ಟ್ ಹೊರಗೆ ಬರುವ ಕಡೆ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ತೀರಾ ಹಳೆಯ ವಿಲ್ಲಿಸ್ ಮಾದರಿಯ ಎಂಜಿನ್‌ಗಳಲ್ಲಿ ಹಿಂಬದಿಯ ಸೀಲ್ ರಬ್ಬರಿನದ್ದೂ ಅಲ್ಲ, ಹಗ್ಗದಂತೆ ಹೆಣೆದದ್ದು. ಅದು ಹೊಸದಿದ್ದಾಗಲೂ ಒಂದಿಷ್ಟು ಜಿನುಗುತ್ತಿತ್ತು. ಮೇಲಿನ ತಮಾಷೆ ಹುಟ್ಟಿದ್ದರೆ ಬಹುಶಃ ಅಲ್ಲಿಯೇ ಹುಟ್ಟಿರಬೇಕು.

ಜನ ಮಾಡುವ ಮೊದಲ ತಪ್ಪು ಹನಿ ಬಿದ್ದ ಜಾಗ ನೋಡಿ ತೀರ್ಮಾನಕ್ಕೆ ಬರುವುದು. ಗೇರ್‌ಬಾಕ್ಸ್ ಮತ್ತು ಎಂಜಿನ್ ಸೇರುವ ಕಡೆ, ಕೆಳಗಿನಿಂದ ಹನಿ ಬೀಳುತ್ತಿದೆ. ಗ್ಯಾರೇಜಿನಲ್ಲಿ ಸಂಭಾಷಣೆ ಹೀಗೆ ಸಾಗುತ್ತದೆ:

"ಮಾಮಾ, ಗಾಡಿ ಎಣ್ಣಿ ಸೋರಾಕತ್ತೈತಿ ನೋಡ್ರಿ."

"ಬ್ಯಾಕ್ ಸೀಲ್ ಹೋಗೇತಿ. ಗೇರ್‌ಬಾಕ್ಸ್ ಇಳಸಬೇಕು."

ಇರಬಹುದು. ಆದರೆ ಇಲ್ಲದೆಯೂ ಇರಬಹುದು. ಎಂಜಿನ್ನಿನ ನೆತ್ತಿಯ ಮೇಲಿನ ಟ್ಯಾಪೆಟ್ ಕವರ್‌ನ ಪ್ಯಾಕಿಂಗ್ ಹಿಂಬದಿಯಲ್ಲಿ ಜಿನುಗಿದರೂ ಆಯಿಲ್ ಎಂಜಿನ್ ಬೆನ್ನಿನ ಮೇಲೆ ಹರಿದು ಅದೇ ಜಾಗದಿಂದ ತೊಟ್ಟಿಕ್ಕುತ್ತದೆ. ಗಾಡಿ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಮುಂದೆ ಸೋರಿದ್ದು ಹಿಂದೆ ಕಾಣುತ್ತದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಹಿಂಬದಿಯ ಸೀಲ್ ಬದಲಿಸಲು ಫೋರ್-ವೀಲ್ ಗಾಡಿಯಲ್ಲಿ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಪ್ರೊಪೆಲ್ಲರ್ ಶಾಫ್ಟ್, ಕ್ಲಚ್, ಫ್ಲೈವೀಲ್ ಎಲ್ಲ ಇಳಿಸಬೇಕು. ಸೀಲಿನ ಬೆಲೆ ಕಡಿಮೆ, ಕೂಲಿ ಮಾತ್ರ ಒಂದು ದಿನದ್ದೋ ಎರಡು ದಿನದ್ದೋ. ತಪ್ಪು ಊಹೆಯ ಬೆಲೆ ಎಷ್ಟೆಂದು ಇಲ್ಲಿಯೇ ಗೊತ್ತಾಗುತ್ತದೆ.

ಹುಡುಕುವ ಕ್ರಮ ಸರಳ. ಎಂಜಿನ್ ತಣ್ಣಗಿರುವಾಗ ಕೊಳೆಯನ್ನೆಲ್ಲಾ ಬ್ರಶ್ ಮತ್ತು ಸೋಪಿನ ನೀರಿನಿಂದ ತೊಳೆಯಿರಿ. ಆಲ್ಟರ್ನೇಟರ್ ಮೇಲೆ ನೀರು ರಭಸವಾಗಿ ಹೊಡೆಯಬೇಡಿ. ಒಣಗಿದ ಮೇಲೆ ಅನುಮಾನವಿರುವ ಕಡೆಯೆಲ್ಲಾ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಹತ್ತು–ಹದಿನೈದು ನಿಮಿಷ ಎಂಜಿನ್ ಓಡಿಸಿ. ಬಿಳಿ ಪುಡಿಯ ಮೇಲೆ ಆಯಿಲ್ ಗೆರೆ ಎಲ್ಲಿ ಶುರುವಾಯಿತೋ ಅದೇ ಮೂಲ. ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದು, ಅತಿ ಮುಂದಿನದು ಯಾವುದು ಎಂದು ನೋಡಬೇಕು, ಕೆಳಗಿನದನ್ನಲ್ಲ. ಈ ಪೌಡರಿನ ಉಪಾಯ ಫಾರ್ವರ್ಡ್‌ಗಳಲ್ಲಿ ಬಂದಿದ್ದರೆ ಅದನ್ನು ನಂಬಬಹುದು, ಅನುಭವಿ ಮೆಕ್ಯಾನಿಕ್‌ಗಳೂ ಇದನ್ನೇ ಮಾಡುತ್ತಾರೆ.

ಸೋರುತ್ತಿರುವುದು ಎಂಜಿನ್ ಆಯಿಲೇ ಹೌದೇ ಎಂದೂ ನೋಡಬೇಕು. ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಡಿ. ಡೀಸೆಲ್ ಗಾಡಿಯ ಎಂಜಿನ್ ಆಯಿಲ್ ಕಪ್ಪಗಿರುತ್ತದೆ. ಗೇರ್ ಆಯಿಲ್ ದಪ್ಪ, ಅದಕ್ಕೆ ಗಂಧಕದ ಕೊಳೆತ ವಾಸನೆ. ಬ್ರೇಕ್ ಆಯಿಲ್ ನೀರಿನಷ್ಟು ತೆಳು, ತಿಳಿ ಬಣ್ಣ. ಗಾಲಿಯ ಒಳಭಾಗದಲ್ಲಿ ಬ್ರೇಕ್ ಆಯಿಲ್ ಕಂಡರೆ ಉಳಿದ ಚರ್ಚೆಯೆಲ್ಲಾ ಬಿಟ್ಟು ಗಾಡಿ ನಿಲ್ಲಿಸಿ, ಅದು ಆಯಿಲ್ ಸೋರಿಕೆಯಲ್ಲ, ಬ್ರೇಕ್ ಹೋಗುವ ಸೂಚನೆ. ಅಂದಹಾಗೆ ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾದರೆ ಡೂಪ್ಲಿಕೇಟ್ ಆಯಿಲ್ ಎಂದು ಗಾಬರಿಯಾಗಬೇಕಿಲ್ಲ. ಮಸಿಯನ್ನು ಕರಗಿಸಿ ಹಿಡಿದಿಡುವುದು ಆ ಆಯಿಲಿನ ಕೆಲಸವೇ.

ಯಾರೂ ನೋಡದ ಪೈಪು

ಈಗ ಮುಖ್ಯ ವಿಷಯಕ್ಕೆ ಬರೋಣ. ಸಿಲಿಂಡರಿನಲ್ಲಿ ಡೀಸೆಲ್ ಉರಿದಾಗ ಹುಟ್ಟುವ ಅನಿಲದ ಒಂದು ಪಾಲು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ, ಆಯಿಲ್ ಇರುವ ಚೇಂಬರಿಗೆ ನುಸುಳುತ್ತದೆ. ಹೊಸ ಎಂಜಿನ್ನಿನಲ್ಲಿ ಸ್ವಲ್ಪ, ಸವೆದ ಎಂಜಿನ್ನಿನಲ್ಲಿ ಬಹಳ. ನಮ್ಮ ಮೆಕ್ಯಾನಿಕ್‌ಗಳು ಇದನ್ನು ಬ್ಯಾಕ್ ಕಂಪ್ರೆಶನ್ ಎನ್ನುತ್ತಾರೆ. ಈ ಅನಿಲ ಹೊರಹೋಗಲೆಂದೇ ಬ್ರೀದರ್ ಎಂಬ ಒಂದು ಪೈಪು ಇರುತ್ತದೆ, ಎಂಜಿನ್ನಿನ ಮೂಗು ಇದ್ದಂತೆ. ಕೆಲವು ಗಾಡಿಗಳಲ್ಲಿ ಅದು ಕೆಳಗೆ ಬಯಲಿಗೆ ತೆರೆದಿರುತ್ತದೆ, ಕೆಲವದರಲ್ಲಿ ಏರ್ ಫಿಲ್ಟರಿನ ಕಡೆಗೆ ಸೇರುತ್ತದೆ.

ಕೆರೂರಿನ ಧೂಳಿನಲ್ಲಿ ಹತ್ತು ವರ್ಷ ಓಡಿದ ಜೀಪಿನ ಬ್ರೀದರ್ ಹೇಗಿರುತ್ತದೆ? ಆಯಿಲಿನ ಮಂಜು ಮತ್ತು ಧೂಳು ಸೇರಿ ಒಳಗೆ ಡಾಂಬರಿನಂಥ ಕೆಸರು. ಮೂಗು ಕಟ್ಟಿದರೆ ಒತ್ತಡ ಏರುತ್ತದೆ. ಏರಿದ ಒತ್ತಡ ಎಲ್ಲಿ ದಾರಿ ಸಿಕ್ಕರೆ ಅಲ್ಲಿ ಆಯಿಲನ್ನು ಹೊರಗೆ ತಳ್ಳುತ್ತದೆ. ಟ್ಯಾಪೆಟ್ ಕವರ್, ಸೈಡ್ ಕವರ್, ಮುಂದಿನ ಸೀಲ್, ಹಿಂದಿನ ಸೀಲ್, ಕೊನೆಗೆ ಆಯಿಲ್ ನೋಡುವ ಕಡ್ಡಿಯ ತೂತು. ಒಂದು ಪ್ಯಾಕಿಂಗ್ ಬದಲಿಸಿದರೆ ಮುಂದಿನ ತಿಂಗಳು ಇನ್ನೊಂದು ಕಡೆ ಸೋರುತ್ತದೆ. ಮಾಲೀಕ ಮೆಕ್ಯಾನಿಕ್‌ನ ಮೇಲೆ, ಮೆಕ್ಯಾನಿಕ್ ಡೂಪ್ಲಿಕೇಟ್ ಪ್ಯಾಕಿಂಗ್‌ನ ಮೇಲೆ ಸಿಟ್ಟಾಗುತ್ತಾರೆ. ತಪ್ಪು ಇಬ್ಬರದ್ದೂ ಅಲ್ಲ, ಡೀಸೆಲ್ಲಿನಲ್ಲಿ ತೊಳೆದರೆ ಸರಿಹೋಗುವ ಒಂದು ಪೈಪಿನದ್ದು.

ಬ್ರೀದರ್ ತೊಳೆದ ಮೇಲೂ ಒತ್ತಡ ಇದೆಯೇ ಎಂದು ನೋಡಲು ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ ತೆಗೆಯುತ್ತಾರೆ. ಸಣ್ಣಗೆ ಪುಕಪುಕ ಎಂದರೆ ಹಳೆ ಡೀಸೆಲ್ಲಿಗೆ ಅದು ಸಹಜ. ಹೊಗೆಯ ಸಮೇತ ಮುಚ್ಚಳವನ್ನೇ ಎಗರಿಸುವಂತೆ ಹೊಡೆದರೆ ರಿಂಗು, ಬೋರು ಸವೆದಿವೆ ಎಂದರ್ಥ. ಬಿಸಿ ಆಯಿಲ್ ಸಿಡಿಯಬಹುದು, ಹಾಗಾಗಿ ಮುಖ ದೂರವಿಟ್ಟು, ತಿಳಿದವರ ಕೈಯಲ್ಲಿ ಮಾಡಿಸಬೇಕಾದ ಪರೀಕ್ಷೆ ಇದು. ರಿಂಗು ಸವೆದ ಎಂಜಿನ್ನಿಗೆ ಎಷ್ಟು ಪ್ಯಾಕಿಂಗ್ ಹಾಕಿದರೂ ಅದು ತೂತು ಬಿದ್ದ ಕೊಡಕ್ಕೆ ಬಣ್ಣ ಹಚ್ಚಿದ ಹಾಗೆ.

ರಿಂಗು ಸವೆಯುವುದು ಏಕೆ? ಮುಖ್ಯ ಕಾರಣಗಳಲ್ಲೊಂದು ಮತ್ತೆ ಧೂಳೇ. ಹಳೆ ಜೀಪುಗಳಲ್ಲಿ ಆಯಿಲ್ ತುಂಬಿದ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಒಳಬರುವ ಗಾಳಿಯ ಧೂಳನ್ನು ಆ ಆಯಿಲ್ ಹಿಡಿಯಬೇಕು. ಬಟ್ಟಲಿನಲ್ಲಿ ಆಯಿಲ್ ಒಣಗಿ ಕೆಸರಾಗಿದ್ದರೆ ಕಲ್ಲಿನ ಪುಡಿ ನೇರ ಸಿಲಿಂಡರಿಗೆ ಹೋಗಿ ಅರದಂತೆ ಉಜ್ಜುತ್ತದೆ. ಗ್ರಾನೈಟ್ ಧೂಳಿನಲ್ಲಿರುವ ಸ್ಫಟಿಕದ ಕಣ ಕಬ್ಬಿಣಕ್ಕಿಂತ ಗಡುಸು. ಇವತ್ತು ತೊಟ್ಟಿಕ್ಕುವ ಆಯಿಲಿನ ಕಾರಣ ಐದು ವರ್ಷದ ಹಿಂದೆ ತೊಳೆಯದೆ ಬಿಟ್ಟ ಏರ್ ಕ್ಲೀನರ್ ಆಗಿರಬಹುದು ಎಂದರೆ ನಂಬುವುದು ಕಷ್ಟ, ಆದರೆ ಸರಪಳಿ ಹಾಗೆಯೇ ಇದೆ.

ದಪ್ಪ ಆಯಿಲ್ ಹಾಕಿದರೆ?

ಇದರಲ್ಲಿ ಒಂದಿಷ್ಟು ನಿಜವಿದೆ, ಎಷ್ಟು ಎಂದು ಲೆಕ್ಕ ಹಾಕಿ ನೋಡೋಣ. ಸಣ್ಣ ಸಂದಿಯಿಂದ ದ್ರವ ಹರಿಯುವ ಪ್ರಮಾಣ ಮೂರು ಸಂಗತಿಗಳ ಮೇಲೆ ನಿಂತಿದೆ. ಒಳಗಿನ ಒತ್ತಡ ಅರ್ಧವಾದರೆ ಸೋರಿಕೆ ಅರ್ಧವಾಗುತ್ತದೆ. ಆಯಿಲಿನ ಸ್ನಿಗ್ಧತೆ ದುಪ್ಪಟ್ಟಾದರೂ ಸೋರಿಕೆ ಅರ್ಧವಾಗುತ್ತದೆ. ಆದರೆ ಸಂದಿಯ ಅಗಲ ಅರ್ಧವಾದರೆ ಸೋರಿಕೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಏಕೆಂದರೆ ಇಲ್ಲಿ ಲೆಕ್ಕ ಘನದ್ದು.

15ಡಬ್ಲ್ಯೂ40 ಬದಲು 20ಡಬ್ಲ್ಯೂ50 ಹಾಕಿದರೆ ಎಂಜಿನ್ ಬಿಸಿಯಾದಾಗ ಸ್ನಿಗ್ಧತೆ ಸುಮಾರು 14ರಿಂದ 18ಕ್ಕೆ ಏರುತ್ತದೆ, ದುಪ್ಪಟ್ಟೇನೂ ಆಗುವುದಿಲ್ಲ. ಅಂದರೆ ನೂರು ಹನಿ ಬೀಳುತ್ತಿದ್ದ ಕಡೆ ಹೆಚ್ಚುಕಡಿಮೆ ಎಂಬತ್ತು ಹನಿ. ಕಣ್ಣಿಗೆ ಸ್ವಲ್ಪ ಕಡಿಮೆ ಕಾಣಬಹುದು, ನಿಲ್ಲುವುದಿಲ್ಲ. ಅದೇ ವೇಳೆ ಪ್ಯಾಕಿಂಗ್ ಕೂರುವ ಮೇಲ್ಮೈಯನ್ನು ಚೊಕ್ಕ ಮಾಡಿ ಸಂದಿಯನ್ನು ಮುಚ್ಚಿದರೆ ಸಿಗುವ ಲಾಭ ಇದಕ್ಕೆ ಹೋಲಿಕೆಯೇ ಇಲ್ಲ. ಗಾಡಿಯ ಪುಸ್ತಕ ಆ ದಪ್ಪದ ಆಯಿಲಿಗೆ ಒಪ್ಪಿದ್ದರೆ ಬಿಸಿಲು ನಾಡಿನಲ್ಲಿ ಹಾಕುವುದರಿಂದ ಕೇಡೇನಿಲ್ಲ. ಡೀಸೆಲ್ ಎಂಜಿನ್ನಿಗೆ ಡೀಸೆಲ್ ಎಂಜಿನ್ನಿನ ಆಯಿಲೇ ಆಗಿರಬೇಕು ಅಷ್ಟೇ.

ಇದಕ್ಕಿಂತ ಅಪಾಯದ ಸಲಹೆ ಇನ್ನೊಂದಿದೆ: ಹೇಗೂ ಸೋರುತ್ತದೆ, ಒಂದು ಲೀಟರ್ ಹೆಚ್ಚಿಗೇ ಹಾಕಿಬಿಡಿ. ಮಟ್ಟ ಮೀರಿದ ಆಯಿಲ್ ತಿರುಗುವ ಕ್ರ್ಯಾಂಕ್‌ಗೆ ತಗುಲಿ ನೊರೆಯಾಗುತ್ತದೆ, ಸೀಲುಗಳ ಮೇಲೆ ಇನ್ನಷ್ಟು ಎರಚುತ್ತದೆ, ಸೋರಿಕೆ ಹೆಚ್ಚುತ್ತದೆ. ಬ್ರೀದರ್ ಏರ್ ಫಿಲ್ಟರಿನ ಕಡೆಗೆ ಸೇರಿದ ಡೀಸೆಲ್ ಎಂಜಿನ್‌ಗಳಲ್ಲಿ ಆ ಆಯಿಲ್ ಗಾಳಿಯ ಜೊತೆ ಒಳಗೆ ಹೋಗಿ, ಎಂಜಿನ್ ತನ್ನದೇ ಆಯಿಲನ್ನು ಇಂಧನವಾಗಿ ಉರಿಸುತ್ತಾ ಹಿಡಿತ ತಪ್ಪಿ ಓಡಲೂಬಹುದು. ಆಗ ಕೀ ತೆಗೆದರೂ ಅದು ನಿಲ್ಲುವುದಿಲ್ಲ.

ಬ್ರೇಕ್ ಆಯಿಲಿನ ವಿಡಿಯೋ: ಅರ್ಧ ಸತ್ಯ, ಪೂರ್ತಿ ನಷ್ಟ

ವರ್ಷಗಳ ಬಿಸಿಗೆ ಸೀಲಿನ ರಬ್ಬರ್ ಗಟ್ಟಿಯಾಗಿ ಕುಗ್ಗುತ್ತದೆ. ಬ್ರೇಕ್ ಆಯಿಲ್ ಎಂಬುದು ಹೆಸರಿಗೆ ಆಯಿಲ್, ನಿಜದಲ್ಲಿ ಅದು ಗ್ಲೈಕಾಲ್ ಜಾತಿಯ ರಾಸಾಯನಿಕ. ಎಂಜಿನ್ ಸೀಲುಗಳಲ್ಲಿ ಬಳಸುವ ನೈಟ್ರೈಲ್ ರಬ್ಬರಿಗೆ ಅದು ತಗುಲಿದರೆ ರಬ್ಬರ್ ಮೆತ್ತಗಾಗಿ ಉಬ್ಬುತ್ತದೆ. ಉಬ್ಬಿದಾಗ ಸಂದಿ ಮುಚ್ಚಿ ಕೆಲವು ದಿನ ಸೋರಿಕೆ ಕಡಿಮೆಯಾಗಬಹುದು. ವಿಡಿಯೋ ಮಾಡಿದವರು ಕ್ಯಾಮೆರಾ ಆಫ್ ಮಾಡುವುದು ಆಗಲೇ. ಉಬ್ಬಿದ ರಬ್ಬರ್ ಬಲ ಕಳೆದುಕೊಂಡು ಹಿಟ್ಟಿನ ಹಾಗಾಗುವುದು, ಒಳ್ಳೆಯ ಸ್ಥಿತಿಯಲ್ಲಿದ್ದ ಉಳಿದ ಸೀಲುಗಳೂ ಅದರ ಜೊತೆಗೆ ಕೆಡುವುದು ಆಮೇಲಿನ ಕಥೆ. ಬ್ರೇಕ್ ಆಯಿಲ್ ಎಂಜಿನ್ ಆಯಿಲಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಬೇರಿಂಗ್‌ಗಳಿಗೆ ಬೇಕಾದ ಜಾರಿಕೆಯನ್ನೂ ಕೊಡುವುದಿಲ್ಲ.

ಇದರ ಉಲ್ಟಾ ಪ್ರಯೋಗ ಇನ್ನೂ ಕೆಟ್ಟದ್ದು. ದಾರಿಯಲ್ಲಿ ಬ್ರೇಕ್ ಆಯಿಲ್ ಖಾಲಿಯಾಯಿತು, ಕೈಯಲ್ಲಿದ್ದದ್ದು ಎಂಜಿನ್ ಆಯಿಲ್, ಎರಡೂ ಆಯಿಲೇ ತಾನೆ ಎಂದು ಬ್ರೇಕ್ ಡಬ್ಬಿಗೆ ಸುರಿಯುವುದು. ಬ್ರೇಕಿನೊಳಗಿನ ರಬ್ಬರ್ ಬೇರೆ ಜಾತಿಯದು. ಅದಕ್ಕೆ ಖನಿಜ ತೈಲವೇ ವಿಷ. ಮಾಸ್ಟರ್ ಸಿಲಿಂಡರಿನಿಂದ ಗಾಲಿಯವರೆಗಿನ ಎಲ್ಲ ರಬ್ಬರುಗಳೂ ಉಬ್ಬಿ, ಬ್ರೇಕ್ ಹಿಡಿದೇ ಉಳಿಯಬಹುದು ಅಥವಾ ಹಿಡಿಯದೇ ಹೋಗಬಹುದು. ಹಿಂದೆ ಹತ್ತು ಜನ ಕೂತಿರುವ ಗಾಡಿಯಲ್ಲಿ ಈ ಪ್ರಯೋಗ ಬೇಡ.

ಹಾಗಾದರೆ ಅಂಗಡಿಯಲ್ಲಿ ಸಿಗುವ ಸ್ಟಾಪ್-ಲೀಕ್ ಬಾಟಲಿಗಳು? ಅವೂ ರಬ್ಬರನ್ನು ಮೆದುಗೊಳಿಸುತ್ತವೆ, ಆದರೆ ಎಂಜಿನ್ ಆಯಿಲಿನಲ್ಲಿ ಬೆರೆಯುವಂತೆ, ಹದ ಮೀರದಂತೆ ತಯಾರಾಗಿರುತ್ತವೆ. ಗಟ್ಟಿಯಾದ ಸೀಲಿನಿಂದ ಸಣ್ಣಗೆ ಜಿನುಗುತ್ತಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಫಲ ಕಾಣಬಹುದು. ಹರಿದ ಸೀಲ್, ಸಿಗಿದ ಪ್ಯಾಕಿಂಗ್, ಒಡೆದ ಚೇಂಬರ್ ಇವುಗಳಿಗೆ ಉಪಯೋಗವಿಲ್ಲ. ಗೇರ್‌ಬಾಕ್ಸ್ ಇಳಿಸುವ ಖರ್ಚನ್ನು ಸುಗ್ಗಿಯವರೆಗೆ ಮುಂದೂಡಲು ಒಂದು ಸಲ ಹಾಕಿ ನೋಡಬಹುದು ಎಂಬುದು ನಮ್ಮ ಅಭಿಪ್ರಾಯ, ಅದಕ್ಕಿಂತ ಹೆಚ್ಚಿನ ಭರವಸೆ ಬೇಡ.

ಸಾಬೂನಿನ ಮಾತು ಹುಟ್ಟಿದ್ದು ಡೀಸೆಲ್ ಟ್ಯಾಂಕಿನಿಂದ. ಟ್ಯಾಂಕ್ ಜಿನುಗಿದಾಗ ಬಟ್ಟೆ ಸೋಪನ್ನು ಒತ್ತಿ ಉಜ್ಜಿದರೆ ನಿಜಕ್ಕೂ ನಿಲ್ಲುತ್ತದೆ, ಏಕೆಂದರೆ ಸಾಬೂನು ಡೀಸೆಲ್ಲಿನಲ್ಲಿ ಕರಗುವುದಿಲ್ಲ ಮತ್ತು ಟ್ಯಾಂಕ್ ತಣ್ಣಗಿರುತ್ತದೆ. ಎಂಜಿನ್ ಆಯಿಲ್ ನೂರು ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ, ಅಲ್ಲಿ ಸಾಬೂನು ಮೆತ್ತಗಾಗಿ ಉದುರುತ್ತದೆ. ಅರಿಶಿನ ಪುಡಿಯದ್ದು ರೇಡಿಯೇಟರಿನ ಕಥೆ, ಅಲ್ಲಿ ಸಣ್ಣ ತೂತಿಗೆ ಪುಡಿ ಸಿಕ್ಕಿಕೊಂಡು ಊರು ಮುಟ್ಟುವಷ್ಟು ಹೊತ್ತು ತಡೆಯಬಹುದು. ಅದನ್ನು ಆಯಿಲಿಗೆ ಹಾಕಿದರೆ ಆಯಿಲ್ ಪಂಪಿನ ಜಾಳಿಗೆ ಕಟ್ಟಿಕೊಳ್ಳುತ್ತದೆ. ಅಡುಗೆಮನೆಯ ವಸ್ತು ಅಡುಗೆಮನೆಯಲ್ಲೇ ಇರಲಿ.

ರಿಪೇರಿಯಲ್ಲೇ ಹುಟ್ಟುವ ಸೋರಿಕೆ

ಸರಿಯಾದ ಕಡೆ ಕೈ ಹಾಕಿದ ಮೇಲೂ ಮತ್ತೆ ಸೋರುವುದು ಏಕೆ? ಇದಕ್ಕೆ ಕೆಲವು ಮಾಮೂಲಿ ಕಾರಣಗಳಿವೆ.

ಮೊದಲನೆಯದು ಬಲ. ಸೋರುತ್ತಿದೆ, ಇನ್ನೂ ಬಿಗಿ ಮಾಡು ಎಂಬುದು ಸಹಜ ಬುದ್ಧಿ. ಆದರೆ ಚೇಂಬರ್ ಮತ್ತು ಟ್ಯಾಪೆಟ್ ಕವರ್ ತೆಳು ತಗಡಿನವು, ಪ್ಯಾಕಿಂಗ್ ಹಲವು ಸಲ ಕಾರ್ಕಿನದ್ದು. ಇಲ್ಲಿನ ಸಣ್ಣ ಬೋಲ್ಟುಗಳಿಗೆ ಬೇಕಾದ ಬಿಗಿ, ಹತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಎಂಟು–ಹತ್ತು ಕೆ.ಜಿ. ಭಾರ ತೂಗಿಬಿಟ್ಟಷ್ಟು. ಉದ್ದನೆಯ ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆದರೆ ಕಾರ್ಕ್ ಹೊರಗುಬ್ಬಿ ಸಿಗಿಯುತ್ತದೆ, ಬೋಲ್ಟ್ ಹಾದುಹೋಗುವ ಕಡೆ ತಗಡು ಗುಳಿ ಬೀಳುತ್ತದೆ. ಗುಳಿ ಬಿದ್ದ ತಗಡು ಬೋಲ್ಟಿನ ಹತ್ತಿರ ಒತ್ತುತ್ತದೆ, ಎರಡು ಬೋಲ್ಟುಗಳ ನಡುವೆ ಎದ್ದು ನಿಲ್ಲುತ್ತದೆ. ಒಳ್ಳೆಯ ಮೇಸ್ತ್ರಿ ಹೊಸ ಪ್ಯಾಕಿಂಗ್ ಹಾಕುವ ಮುಂಚೆ ಚೇಂಬರಿನ ಅಂಚನ್ನು ಸಮತಟ್ಟಾದ ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೇರ ಮಾಡುತ್ತಾನೆ. ಆ ತಟ್ಟುವ ಸದ್ದು ಕೇಳಿದರೆ ಸರಿಯಾದ ಗ್ಯಾರೇಜಿಗೆ ಬಂದಿದ್ದೀರಿ ಎಂದು ನೆಮ್ಮದಿಯಿಂದಿರಿ.

ಇನ್ನೊಂದು, ಟ್ಯೂಬಿನ ಸಿಲಿಕಾನ್ ಅಂಟು. ತೆಳ್ಳಗೆ ಗೆರೆ ಎಳೆದರೆ ಅದು ಒಳ್ಳೆಯದೇ. ದಪ್ಪಗೆ ಮೆತ್ತಿದರೆ ಹೊರಗೆ ಉಬ್ಬಿ ಬಂದಷ್ಟೇ ಒಳಗೂ ಉಬ್ಬುತ್ತದೆ, ಆಮೇಲೆ ತುಂಡಾಗಿ ಆಯಿಲಿಗೆ ಬಿದ್ದು ಪಂಪಿನ ಜಾಳಿಗೆಗೆ ಅಂಟಿಕೊಳ್ಳುತ್ತದೆ. ಸೋರಿಕೆ ನಿಂತಿತು, ಎಂಜಿನ್ ಜಾಮ್ ಆಯಿತು ಎಂಬ ವಿಚಿತ್ರ ಫಲಿತಾಂಶ ಬರುವುದು ಹೀಗೆ. ಆಯಿಲ್ ಮೆತ್ತಿದ ಜಾಗದ ಮೇಲೆ ಸಿಲಿಕಾನ್ ಆಗಲಿ, ಎಂ-ಸೀಲ್ ಆಗಲಿ ಹಿಡಿಯುವುದಿಲ್ಲ, ಒಣಗಿ ಚೊಕ್ಕಟವಾಗಿರಬೇಕು.

ಆಯಿಲ್ ಸೀಲಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ರಬ್ಬರಿನ ತುಟಿ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಉಜ್ಜಿ, ನಡುವೆ ಸಿಕ್ಕ ಧೂಳಿನಿಂದ ಉಕ್ಕಿನ ಶಾಫ್ಟಿನ ಮೇಲೇ ಗೆರೆ ಕೊರೆದಿರುತ್ತದೆ. ಹೊಸ ಸೀಲ್ ಅದೇ ಗೆರೆಯ ಮೇಲೆ ಕೂತರೆ ಮೊದಲ ದಿನದಿಂದಲೇ ಜಿನುಗುತ್ತದೆ. ಉಗುರಿನಿಂದ ಸವರಿ ನೋಡಿದರೆ ಗೆರೆ ತಿಳಿಯುತ್ತದೆ. ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂರಿಸುವುದು, ಇಲ್ಲವೇ ಶಾಫ್ಟಿಗೆ ತೆಳು ಉಕ್ಕಿನ ತೋಳು ತೊಡಿಸುವುದು ಪರಿಹಾರ. ಮೆಕ್ಯಾನಿಕ್‌ಗೆ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ಹಾಗೆಯೇ ಗೇರ್‌ಬಾಕ್ಸ್ ಇಳಿಸಿದ ದಿನವೇ ಕ್ಲಚ್ ಪ್ಲೇಟ್ ನೋಡಿಬಿಡುವುದು ಜಾಣತನ, ಆರು ತಿಂಗಳಿಗೆ ಅದೇ ಕೂಲಿ ಮತ್ತೆ ಕೊಡುವುದು ತಪ್ಪುತ್ತದೆ.

ತೀರಾ ಸಣ್ಣವೂ ಇವೆ. ಹಳೆ ಆಯಿಲ್ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿ ಉಳಿದು ಅದರ ಮೇಲೆ ಹೊಸ ಫಿಲ್ಟರ್ ಬಿಗಿದರೆ ಆಯಿಲ್ ಧಾರೆಯಾಗಿ ಸೋರುತ್ತದೆ. ಡ್ರೈನ್ ಬೋಲ್ಟಿನ ವಾಶರ್ ಮತ್ತೆ ಮತ್ತೆ ಬಳಸಿ ಚಪ್ಪಟೆಯಾಗಿರುತ್ತದೆ. ಆಯಿಲ್ ಪ್ರೆಶರ್ ಸ್ವಿಚ್ಚಿನ ಒಳಗಿಂದಲೇ ಆಯಿಲ್ ಬರುತ್ತಿರುತ್ತದೆ. ಗೇರ್‌ಬಾಕ್ಸ್ ಇಳಿಸುವ ಮಾತು ಬರುವ ಮುಂಚೆ ಈ ಮೂರನ್ನೂ ನೋಡಿಸಿ.

ಎಷ್ಟು ಸೋರಿದರೆ ಗಾಬರಿ?

ನೆಲದ ಮೇಲೆ ಅಂಗೈ ಅಗಲದ ಕಲೆ ನೋಡಿ ಹೆದರುವವರಿದ್ದಾರೆ. ಆಯಿಲ್ ತೆಳ್ಳಗೆ ಹರಡುವುದರಿಂದ ಕೆಲವೇ ಹನಿ ದೊಡ್ಡದಾಗಿ ಕಾಣುತ್ತದೆ. ಒಂದು ಮಿಲಿಲೀಟರಿಗೆ ಸುಮಾರು 25–30 ಹನಿ. ರಾತ್ರಿಯಿಡೀ ಹತ್ತು ಹನಿ ಬಿದ್ದರೆ ಅದು ಚಮಚದಷ್ಟೂ ಅಲ್ಲ. ಓಡುವಾಗ ಸೆಕೆಂಡಿಗೊಂದು ಹನಿ ಬಿದ್ದರೆ ಮಾತ್ರ ಲೆಕ್ಕ ಬೇರೆ: ಗಂಟೆಗೆ ನೂರು ಮಿಲಿಲೀಟರ್‌ಗೂ ಮೇಲೆ, ಎಂಟು–ಒಂಬತ್ತು ಗಂಟೆಗೆ ಒಂದು ಲೀಟರ್. ಬಹಳಷ್ಟು ಎಂಜಿನ್‌ಗಳಲ್ಲಿ ಕಡ್ಡಿಯ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ನೆಲ ನೋಡುವುದಕ್ಕಿಂತ ದಿನಾ ಬೆಳಿಗ್ಗೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಹಚ್ಚುವ ಮುಂಚೆ ಕಡ್ಡಿ ನೋಡುವುದು ಮೇಲು.

ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನೆಚ್ಚಿಕೊಳ್ಳಬೇಡಿ. ಅದು ತೋರಿಸುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಅದು ಹತ್ತಿದಾಗ ಬೇರಿಂಗ್‌ಗಳಿಗೆ ಆಯಿಲ್ ಹೋಗುವುದು ನಿಂತೇ ಹೋಗಿರಬಹುದು, ಮುಂದಿನ ಊರಿನವರೆಗೆ ಎಳೆಯೋಣ ಎನ್ನದೆ ಅಲ್ಲಿಯೇ ಎಂಜಿನ್ ಬಂದ್ ಮಾಡಬೇಕು. ಗುಡ್ಡದ ದಾರಿಯಲ್ಲಿ ಓಡುವ ಗಾಡಿಗೆ ಇನ್ನೊಂದು ತೊಂದರೆ: ಮಟ್ಟ ಕಡಿಮೆಯಿದ್ದಾಗ ಗಾಡಿ ವಾಲಿದರೆ ಆಯಿಲ್ ಒಂದು ಬದಿಗೆ ಸರಿದು ಪಂಪು ಬರೀ ಗಾಳಿ ಎಳೆಯುತ್ತದೆ. ಹೆದ್ದಾರಿಯಲ್ಲಿ ಸುಮ್ಮನಿದ್ದ ದೀಪ ಏರಿನಲ್ಲಿ ಮಿಣುಕಿದರೆ ಕಾರಣ ಇದೇ.

ಪ್ರಮಾಣ ಎಷ್ಟೇ ಕಡಿಮೆಯಿರಲಿ, ಮೂರು ಜಾಗದ ಸೋರಿಕೆಯನ್ನು ಮುಂದೂಡಬಾರದು. ಸೈಲೆನ್ಸರಿನ ಮ್ಯಾನಿಫೋಲ್ಡ್ ಮೇಲೆ ಬೀಳುವ ಆಯಿಲ್, ಏಕೆಂದರೆ ಎಂಜಿನ್ ಆಯಿಲಿನ ಆವಿ ಸುಮಾರು 200 ಡಿಗ್ರಿ ಮೇಲೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಭಾರ ಹೊತ್ತು ಏರು ಹತ್ತುವಾಗ ಮ್ಯಾನಿಫೋಲ್ಡ್ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಕ್ಲಚ್ಚಿನ ಮೇಲೆ ಬೀಳುವ ಆಯಿಲ್, ಅದರಿಂದ ಕ್ಲಚ್ ಜಾರುತ್ತದೆ. ಕೊನೆಯದು ಎಂಜಿನ್ನಿನದ್ದಲ್ಲ, ಹಿಂದಿನ ಆಕ್ಸಲ್ ಸೀಲಿನದು: ಕ್ರೌನ್ ಆಯಿಲ್ ಬ್ರೇಕ್ ಡ್ರಮ್ಮಿನೊಳಗೆ ಹೋದರೆ ಆ ಗಾಲಿಗೆ ಬ್ರೇಕ್ ಹಿಡಿಯುವುದಿಲ್ಲ, ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಕೆಳಗಿಳಿಸಿದ ಆಯಿಲ್ ಎಲ್ಲಿಗೆ?

ರಿಪೇರಿ ಎಂದರೆ ನಾಲ್ಕೈದು ಲೀಟರ್ ಹಳೆ ಆಯಿಲ್ ಕ್ಯಾನಿಗೆ ಬರುತ್ತದೆ. ಇದರ ಬಗ್ಗೆಯೂ ಸಲಹೆಗಳ ಕೊರತೆಯಿಲ್ಲ. ಎಮ್ಮೆಯ ಉಣ್ಣೆಗೆ ಹಚ್ಚಿ, ನಾಯಿಯ ಕಜ್ಜಿಗೆ ಹಚ್ಚಿ, ಗಾಯಕ್ಕೆ ನೊಣ ಕೂರದಂತೆ ಸವರಿ. ದಯವಿಟ್ಟು ಬೇಡ. ಬಳಸಿದ ಆಯಿಲಿನಲ್ಲಿ ಸವೆದ ಲೋಹದ ಕಣ, ಇಂಧನದ ಉಳಿಕೆ, ಉರಿಯುವಾಗ ಹುಟ್ಟಿದ ವಿಷಕಾರಿ ಸಂಯುಕ್ತಗಳು ಇರುತ್ತವೆ. ದನ, ನಾಯಿ ಮೈ ನೆಕ್ಕಿಕೊಳ್ಳುವುದರಿಂದ ಅದು ಹೊಟ್ಟೆಗೂ ಹೋಗುತ್ತದೆ. ಉಣ್ಣೆಗೆ ಪಶು ಆಸ್ಪತ್ರೆಯಲ್ಲಿ ಸರಿಯಾದ ಔಷಧ ಸಿಗುತ್ತದೆ.

ಮನುಷ್ಯರ ಚರ್ಮಕ್ಕೂ ಇದು ಒಳ್ಳೆಯದಲ್ಲ. ಸಂಸ್ಕರಿಸದ ಖನಿಜ ತೈಲಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿಟ್ಟಿದೆ. ಬಳಸಿದ ಎಂಜಿನ್ ಆಯಿಲನ್ನು ಇಲಿಗಳ ಚರ್ಮಕ್ಕೆ ಪದೇ ಪದೇ ಹಚ್ಚಿದ ಪ್ರಯೋಗಗಳಲ್ಲಿ ಗೆಡ್ಡೆಗಳು ಕಂಡಿವೆ. ಒಂದು ಸಲ ಕೈಗೆ ತಾಗಿತೆಂದು ಹೆದರಬೇಕಾಗಿಲ್ಲ, ವರ್ಷಗಟ್ಟಲೆ ದಿನಾ ಅದರಲ್ಲೇ ಕೈಯಾಡಿಸುವ ಗ್ಯಾರೇಜಿನ ಹುಡುಗರ ವಿಷಯ ಬೇರೆ. ಅವರು ಕೈ ತೊಳೆಯಲು ಪೆಟ್ರೋಲ್, ಸೀಮೆಎಣ್ಣೆ ಬಳಸುವುದು ಇನ್ನೊಂದು ತಪ್ಪು, ಅದು ಚರ್ಮದ ಜಿಡ್ಡು ತೆಗೆದು ಬಿರುಕು ಬಿಡಿಸುತ್ತದೆ. ಸ್ವಲ್ಪ ಅಡುಗೆ ಎಣ್ಣೆ ಉಜ್ಜಿ ಒರೆಸಿ, ಆಮೇಲೆ ಸೋಪಿನಲ್ಲಿ ತೊಳೆದರೆ ಕಪ್ಪು ಹೋಗುತ್ತದೆ. ಒಂದು ಜೊತೆ ರಬ್ಬರ್ ಕೈಗವಸು ಇದಕ್ಕಿಂತ ಒಳ್ಳೆಯದು.

ನೆಲಕ್ಕೆ, ಚರಂಡಿಗೆ ಸುರಿದ ಆಯಿಲ್ ಮಣ್ಣಿನಲ್ಲಿ ಬೇಗ ಕರಗುವುದಿಲ್ಲ. ಮಳೆ ಬಂದಾಗ ಅದು ಹಳ್ಳ ಹಿಡಿದು ಹೋಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವ ಮರುಬಳಕೆ ಘಟಕಕ್ಕೇ ಹೋಗಬೇಕು. 2023ರ ತಿದ್ದುಪಡಿ ಆಯಿಲ್ ತಯಾರಕರ ಮೇಲೂ ಈ ಹೊಣೆ ಹೊರಿಸಿದೆ, ಅದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹೊಲದಲ್ಲೇ ಆಯಿಲ್ ಬದಲಿಸುವವರು ಹಳೆಯದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಶೇಖರಿಸಿ, ಹಳೆ ಆಯಿಲ್ ಕೊಳ್ಳಲು ಬರುವ ಗ್ಯಾರೇಜಿನ ಡ್ರಮ್ಮಿಗೆ ಸೇರಿಸಬಹುದು. ಕ್ಯಾನಿನ ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ, ಮನೆಯಲ್ಲಿ ಅದೇ ಬಣ್ಣದ ಕ್ಯಾನಿನಲ್ಲಿ ಅಡುಗೆ ಎಣ್ಣೆಯೂ ಬರುತ್ತದೆ.